ಇನ್ನೊಮ್ಮೆ ಸಾಹೇಬರ ಪದಪಂದ್ಯ

ಇನ್ನೊಮ್ಮೆ ಸಾಹೇಬರಿಗೆ ಎಲ್ಲ ಮನುಷ್ಯರಂತೆ ನೇರವಾಗಿ ನಡೆಯಲು ಬರುತ್ತಿರಲಿಲ್ಲ. ಬಲಗಾಲನ್ನು ಒಂದು ಗೇಣು ಪಕ್ಕಕ್ಕಿಟ್ಟು, ಎಡಗಾಲನ್ನು ಅದರ ಬಳಿಗೆಳೆದುಕೊಂಡು, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿ, ಗದ್ದವನ್ನು ತುಸು ಮುಂದಕ್ಕೆ ಚಾಚಿ, ಏಡಿಯ ಗಾಂಭೀರ್ಯದಿಂದ ಅವರು ಬೀದಿಯಲ್ಲಿ ಅಡ್ಡಡ್ಡ ಸರಿದು ಬರುವುದನ್ನು ಕಂಡರೆ, ಎದುರಿನ ಬಸ್ಸು ಸಹ ತಾನು ಯಾವ ಕಡೆ ಹೋಗಬೇಕೆಂದು ತಿಳಿಯದೆ ಒಂದು ಗಳಿಗೆ ನಿಂತು ಯೋಚಿಸುತ್ತಿತ್ತು. ತಪ್ಪು ಅವರದಲ್ಲ, ಉದ್ಯೋಗದ್ದು. ಟೆಲಿಫೋನ್ ಎಕ್ಸ್‌ಚೇಂಜಿನ ಉದ್ದನೆಯ ಕೋಣೆಯಲ್ಲಿ, ಸಾಲಾಗಿ ಕೂತ ಇಪ್ಪತ್ತನಾಲ್ಕು ಆಪರೇಟರುಗಳ ಕುರ್ಚಿಯ ಬೆನ್ನಿಗೂ ಹಿಂದಿನ ಗೋಡೆಗೂ ನಡುವೆ ಉಳಿದಿದ್ದ ಮೊಳದಗಲದ ಸಂದಿಯಲ್ಲಿ, ಮೂವತ್ತೊಂದು ವರ್ಷ ಮೇಲ್ವಿಚಾರಕರಾಗಿ ಅತ್ತಿಂದಿತ್ತ ಸರಿದಾಡಿದ ದೇಹ ಅದು. ಅವರು ಸರಿದ ದೂರವನ್ನು ಒಟ್ಟುಗೂಡಿಸಿದರೆ ಭೂಮಂಡಲಕ್ಕೆ ಎರಡು ಪ್ರದಕ್ಷಿಣೆಯಾಗುತ್ತದೆಂದೂ, ಎರಡೂ ಅಡ್ಡಪ್ರದಕ್ಷಿಣೆಯೇ ಎಂದೂ ಆ ಸಾಲಿನ ಹೆಂಗಸರು ನಗುತ್ತಿದ್ದರು.

ಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟು, ಅದರ ಎದೆಯ ಜೇಬಿನಲ್ಲಿ ದಾರ ಕಟ್ಟಿದ ಸ್ಟಾಪ್‌ವಾಚು. ಯಾವಳಾದರೂ ಆಪರೇಟರು ದೂರದ ಊರಿನ ಗೊರಗೊರ ಸದ್ದಿನಲ್ಲಿ ಒಂದಂಕಿಯನ್ನು ಸರಿಯಾಗಿ ಕೇಳಿಸಿಕೊಳ್ಳದೆ, ಏಳೇ ಇರಬೇಕು ಬಿಡು ಎಂದು ತಂತಿ ಸಿಕ್ಕಿಸಲು ಕೈ ಮುಂದೆ ಚಾಚಿದಳೋ, ಕತ್ತಿನ ಹಿಂದೆ ದೇವವಾಣಿಯಾಗುತ್ತಿತ್ತು: "ಅಂದಾಜು ಬೇಡ. ಇನ್ನೊಮ್ಮೆ ಕೇಳಿ." ದಿನಕ್ಕೆ ಇನ್ನೂರು ಸಲ ಈ ಮಾತನ್ನಾಡಿದವರಿಗೆ ಹೆತ್ತವರಿಟ್ಟ ಹೆಸರು ಉಳಿದೀತೆ? ಸಂಬಳದ ಚೀಟಿಯಲ್ಲಿ ಒಂದು ಹೆಸರಿತ್ತಂತೆ. ಅದನ್ನು ಕಂಡವರಿಲ್ಲ.

ಆ ಕೋಣೆ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ, ಪಾಳಿಪಾಳಿಯ ಹಳೆಯ ಆಪರೇಟರುಗಳಿಗೆಲ್ಲ, ಕೋಣೆ ಗುಡಿಸುತ್ತಿದ್ದ ಅಕ್ಕನನ್ನೂ ಸೇರಿಸಿ, ಫೋನಿನಲ್ಲೊಂದು ಗುಂಪು ಕಟ್ಟಿದವರು ಐದನೇ ಕುರ್ಚಿಯಮ್ಮ. ಅಡ್ಮಿನ್ ಎಂಬ ಪದವಿ ಆಕೆಗೆ ಮೊದಮೊದಲು ಕಿರೀಟದಂತಿತ್ತು, ಬರಬರುತ್ತ ತಲೆಯ ಮೇಲಿನ ಸೌದೆಹೊರೆಯಾಯಿತು. ಅರವತ್ತೆರಡು ಮಂದಿಯ ಗುಂಪಿನಲ್ಲಿ ಬೆಳಗ್ಗೆ ಹೂವಿನ ಚಿತ್ರ, ಸಂಜೆ ಸಾವಿನ ಸುದ್ದಿ. ಇವೆರಡರ ನಡುವೆ ಒಂದು ಮಾತಿಲ್ಲ, ಕತೆಯಿಲ್ಲ. ಒಂದೇ ತಿಂಗಳಲ್ಲಿ ಮೂರು ಸಂತಾಪ ಬರೆದ ದಿನ ಆಕೆ ನಿಶ್ಚಯಿಸಿದರು: ಮುಚ್ಚಿಬಿಡುತ್ತೇನೆ. ಆಗ ಗುಂಪಿನಲ್ಲಿ ಎಂದೂ ಬಾಯಿಬಿಡದ ಸಾಹೇಬರು ಒಂದು ಸಾಲು ಬರೆದರು: "ತಡೆಯಿರಿ. ನಾನೊಂದು ಆಟ ರಚಿಸುತ್ತೇನೆ. ಪದ ಊಹಿಸುವ ಪಂದ್ಯ. ಟಿವಿಯಲ್ಲಿ ಬರುತ್ತದಲ್ಲ, ಹಾಗೆ. ಆದರೆ ಶಿಸ್ತಿನದು."

ಆಗಲಿ ಸಾರ್ ಎಂದು ಐದನೇ ಕುರ್ಚಿಯಮ್ಮ ಬರೆದರು. ಬರೆದ ಬೆರಳನ್ನು ಆಮೇಲೆ ಎರಡು ವರ್ಷ ಶಪಿಸಿದರು.

ಎರಡು ವರ್ಷ! ಹಡಗು ಕಟ್ಟಿ, ನೀರಿಗಿಳಿಸಿ, ಮುಳುಗಿಸಿಯೂ ಬರಬಹುದಾದಷ್ಟು ಕಾಲ. ಆಟ ಮೂರೇ ಮಾತಿನದು: ಒಬ್ಬರಿಗೆ ಗುಟ್ಟಾಗಿ ಒಂದು ಪದ ಕೊಡುವುದು, ಅವರು ಒಂದೊಂದೇ ಪದದ ಮೂರು ಸುಳಿವು ಕೊಡುವುದು, ಇನ್ನೊಬ್ಬರು ಇಪ್ಪತ್ತು ಸೆಕೆಂಡಿನಲ್ಲಿ ಅದನ್ನು ಊಹಿಸುವುದು. ಇಷ್ಟಕ್ಕೆ ಸಾಹೇಬರು ಬರೆದ ನಿಯಮಾವಳಿ ಅರವತ್ತೆಂಟು ಪುಟ. ಸುಳಿವು ಕೊಡುವವರು ಕೈ ಆಡಿಸಬಾರದೆಂಬುದು ಹತ್ತೊಂಬತ್ತನೇ ನಿಯಮ. ಕೆಮ್ಮಿದರೆ ಅದನ್ನೂ ಸುಳಿವೆಂದು ಪರಿಗಣಿಸತಕ್ಕದ್ದೆಂಬುದು ಇಪ್ಪತ್ತಮೂರನೆಯದು. ನಿಜವಾದ ಕೆಮ್ಮಿಗೆ ವಿನಾಯಿತಿಯೆಂಬುದು ಮುಂದಿನದು. ಕೆಮ್ಮು ನಿಜವೋ ನಟನೆಯೋ ಎಂದು ತೀರ್ಮಾನಿಸಲು ತ್ರಿಸದಸ್ಯ ಸಮಿತಿಯೆಂಬುದು ಅದರ ಮುಂದಿನದು. ಸಮಿತಿಯ ಸದಸ್ಯರೇ ಕೆಮ್ಮಿದರೆ ಏನೆಂಬುದಕ್ಕೆ ಪ್ರತ್ಯೇಕ ಅನುಬಂಧ.

ಪ್ರತಿ ಮಂಗಳವಾರ ಸಾಹೇಬರು ತಿದ್ದುಪಡಿಗಳನ್ನು ಕಂಕುಳಲ್ಲಿರಿಸಿಕೊಂಡು ಐದನೇ ಕುರ್ಚಿಯಮ್ಮನ ಮನೆಗೆ ಬರುತ್ತಿದ್ದರು. ಆಕೆಯನ್ನು ಕೂರಿಸಿ, ತಾವು ಆಕೆಯ ಕುರ್ಚಿಯ ಹಿಂದೆಯೇ ಅಡ್ಡಡ್ಡ ಸರಿದಾಡುತ್ತ ಓದುತ್ತಿದ್ದರು. ಮನೆಯ ಆ ಗೋಡೆಯ ಸುಣ್ಣ ಕೋಟಿಗಂಟಿ ಅರ್ಧ ಸವೆದಿತ್ತು. ಗೇಟಿನ ಮೇಲೆ ಆ ಪಕ್ಕವಾಟಿನ ನೆರಳು ಬಿದ್ದೊಡನೆ ಆಕೆಯ ಯಜಮಾನರು ಹಾಸಿಗೆ ಸೇರಿ ಮುಸುಕೆಳೆಯುತ್ತಿದ್ದರು.

"ನಿಮ್ಮ ಸಾಹೇಬ್ರು ಬಂದ್ರು. ನಾನು ಸತ್ತೆ ಅಂತ ಹೇಳ್ಬಿಡು."

"ಹಾಗಂದ್ರೆ ಸುಮ್ನಾಗ್ತಾರೇನ್ರೀ? ಇನ್ನೊಮ್ಮೆ ಹೇಳಿ ಅಂತಾರೆ."

ಇಷ್ಟೆಲ್ಲ ತಲೆ ತಿಂದರೂ ಆಕೆ ಅವರನ್ನು ಬಾಗಿಲಲ್ಲೇ ಸಾಗಹಾಕದಿದ್ದುದಕ್ಕೆ ಕಾರಣವಿತ್ತು, ಆ ಕಾರಣ ಒಂದು ಕೊಡೆ. ಇಪ್ಪತ್ತೆಂಟು ವರ್ಷಗಳ ಹಿಂದೆ, ಆಕಾಶವೇ ತೂತಾದಂತೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ, ಬಾಗಿಲ ಪಕ್ಕದ ಗೂಟದಲ್ಲಿ ನೇತಾಡುತ್ತಿದ್ದ ಸಾಹೇಬರ ಕರಿಯ ಕೊಡೆ ಮಾಯವಾಯಿತು. ಮಾಯ ಮಾಡಿದವರು ಐದನೇ ಕುರ್ಚಿಯಮ್ಮ. ಮಗಳ ಶಾಲೆ ಬಿಡುವ ಹೊತ್ತು, ಮಗುವಿಗೆ ಜ್ವರ, ಕೇಳಿ ತೆಗೆದುಕೊಳ್ಳೋಣವೆಂದರೆ ಸಾಹೇಬರು ದೊಡ್ಡ ಸಾಹೇಬರ ಕೋಣೆಯಲ್ಲಿ. ಬೆಳಗ್ಗೆ ಹಿಂದಿರುಗಿಸಿದರಾಯಿತೆಂದುಕೊಂಡಿದ್ದರು. ಬೆಳಗ್ಗೆ ಬರುವಷ್ಟರಲ್ಲಿ ಕೋಣೆಗೆ ಕೋಣೆಯೇ ಕಳ್ಳಿಯನ್ನು ಹಿಡಿದಾಗಿತ್ತು: ಇನ್ಯಾರು, ಗುಡಿಸುವ ಅಕ್ಕ! ಬಡವಿ, ಬಾಗಿಲ ಬಳಿಯೇ ಇರುವವಳು, ಸಾಲದೇ? ದೊಡ್ಡ ಸಾಹೇಬರಂತೂ, "ನಿಮಗೇನನ್ನಿಸುತ್ತೆ, ಅವಳೇ ಅಲ್ವಾ? ಹೂಂ ಅಂದ್ರೆ ಇವತ್ತೇ ಕಳಿಸ್ತೀನಿ" ಎಂದರು. ನೆನೆದು ಮುದ್ದೆಯಾಗಿ ಮನೆಗೆ ಹೋಗಿ, ಕಿಟಕಿಯ ಗಾಜು ಅದುರುವಂತೆ ಸೀನುತ್ತಿದ್ದ ನಮ್ಮ ಇನ್ನೊಮ್ಮೆ ಸಾಹೇಬರು ಹೇಳಿದ್ದು ಇಷ್ಟೇ: "ನಮ್ಮ ವಿಭಾಗದಲ್ಲಿ ಅಂದಾಜು ಇಲ್ಲ ಸಾರ್." ಆಮೇಲೆ ಹನ್ನೊಂದು ವಾರ ಗೋಡೆಯ ಮೇಲೊಂದು ಸೂಚನೆ ತೂಗುತ್ತಿತ್ತು: "ಯಾರ ಮೇಲೂ ಅನುಮಾನವಿಲ್ಲ. ಆದರೆ ಕೊಡೆ ಇಲ್ಲ."

ಗುಡಿಸುವ ಅಕ್ಕನ ಕೆಲಸ ಉಳಿಯಿತು. ಐದನೇ ಕುರ್ಚಿಯಮ್ಮನ ಬಾಯಿ ಬಿಗಿಯಿತು. ಕೊಡೆ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬೀರುವಿನ ತಲೆಯೇರಿತು. ಅದು ಅಲ್ಲಿದೆಯೆಂದು ಈ ಲೋಕದಲ್ಲಿ ಗೊತ್ತಿದ್ದುದು ತನಗೊಬ್ಬಳಿಗೇ ಎಂದು ಆಕೆ ನಂಬಿದ್ದರು.

ಅಂತೂ ಇಂತೂ ಪಂದ್ಯದ ಭಾನುವಾರ ಬಂತು. ಸಂಜೆ ನಾಲ್ಕಕ್ಕೆ ವೀಡಿಯೊ ಕರೆಯಲ್ಲಿ ಆರಂಭ, ಎಲ್ಲರೂ ಅವರವರ ಮನೆಯಿಂದಲೇ. ಐದು ಗಂಟೆಗೆ ಪರದೆಯ ಮೇಲೆ ಇಪ್ಪತ್ತು ಮಂದಿಯಾದರೂ ಉಳಿದಿದ್ದರೆ ಗುಂಪು ಬದುಕುತ್ತದೆ, ಇಲ್ಲವಾದರೆ ಅಲ್ಲೇ ಮುಚ್ಚುತ್ತೇನೆಂದು ಐದನೇ ಕುರ್ಚಿಯಮ್ಮ ಮೊದಲೇ ಸಾರಿದ್ದರು. ಮೂವತ್ತೆಂಟು ಮುಖಗಳು ಬಂದವು. ಸಾಹೇಬರು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ನಿಯಮಾವಳಿಯನ್ನು ಓದಲಾರಂಭಿಸಿದರು. ಏಳನೇ ಪುಟಕ್ಕೆ ಮೂವತ್ತೊಂದಾದವು. ಕೆಮ್ಮಿನ ಸಮಿತಿಯ ಹೊತ್ತಿಗೆ ಇಪ್ಪತ್ತಾರು.

"ಸಾರ್, ಆಟ ಶುರು ಮಾಡೋಣ," ಎಂದರು ಐದನೇ ಕುರ್ಚಿಯಮ್ಮ, ಹಲ್ಲು ಕಚ್ಚಿ.

"ಅನುಬಂಧ ಉಳಿದಿದೆಯಲ್ಲ."

"ಅನುಬಂಧ ಕೇಳೋಕೆ ನಾವಿಬ್ಬರೇ ಉಳೀತೀವಿ ಸಾರ್!"

ಅಂಟು ಹಚ್ಚಿ, ಅಂಟಿನ ಮೇಲೆ ಸಾಹೇಬರು ರುಜು ಹಾಕಿದ್ದ ಮೊದಲ ಲಕೋಟೆಯನ್ನು ಆಕೆ ಒಡೆದರು. ಒಳಗಿದ್ದ ಪದ: ಕೊಡೆ. ಓರೆಗಣ್ಣಿಂದ ಪರದೆಯಲ್ಲಿ ಸಾಹೇಬರ ಮುಖ ನೋಡಿದರು. ಅದರಲ್ಲಿ ಸ್ಟಾಪ್‌ವಾಚಿನ ಮುಳ್ಳಲ್ಲದೆ ಬೇರೆ ಯಾವ ಮುಳ್ಳೂ ಕಾಣಲಿಲ್ಲ. ಪದವನ್ನು ಗುಟ್ಟಾಗಿ ಒಂದನೇ ಕುರ್ಚಿಗೆ ಕಳಿಸಿದರು. ಊಹಿಸಬೇಕಾದವರು ಒಂಬತ್ತನೇ ಕುರ್ಚಿ.

"ಮಳೆ," ಎಂದಿತು ಒಂದನೇ ಕುರ್ಚಿ. "ಬಟ್ಟೆ." "ಕಡ್ಡಿ." ಇಷ್ಟರಲ್ಲಿ ಐದನೇ ಕುರ್ಚಿಯಮ್ಮನ ಕಾಂಪೌಂಡಿನ ಮೇಲೆ ಮಲಗಿದ್ದ ಬೆಕ್ಕಿಗೂ ಉತ್ತರ ಗೊತ್ತಾಗಿರಬೇಕು. ಒಂಬತ್ತನೇ ಕುರ್ಚಿ ಗಂಟಲು ಸರಿಪಡಿಸಿಕೊಂಡು, ಎಂಥ ಗಿರಾಕಿಯೂ ಕರಗುವಂಥ ಹಳೆಯ ಮಧುರ ಸ್ವರದಲ್ಲಿ ಹೇಳಿತು: "ಕ್ಷಮಿಸಿ, ದಯವಿಟ್ಟು ಇನ್ನೊಮ್ಮೆ ಹೇಳ್ತೀರಾ?"

"ರೀ, ಊಹಿಸ್ರೀ! ಇದು ಊಹೆಯ ಆಟ!" ಸಾಹೇಬರು ಸಿಡಿದರು.

"ಅಂದಾಜು ಬೇಡ ಅಂತ ನೀವೇ ಹೇಳಿದ್ದಲ್ವಾ ಸಾರ್? ನಂಗೆ ಅದಕ್ಕೇ ಹನ್ನೊಂದು ಮೆಮೊ ಕೊಟ್ಟಿದೀರಿ. ಹನ್ನೆರಡನೇದು ಬೇಡಪ್ಪಾ!"

ಮಿಕ್ಕವರು ಯಾರಾದರೂ ಹೇಳಿ ಎಂದರೆ, ಒಬ್ಬೊಬ್ಬರೂ ಅದೇ ಪಾಠ. ಮಳೆ ಎಂದರೆ ಜೋರು ಮಳೆಯೋ ಜಿನುಗು ಮಳೆಯೋ? ಬಟ್ಟೆ ಎಷ್ಟು ಗಜದ್ದು? ಅರವತ್ತೆಂಟು ಪುಟಗಳನ್ನು ಜರಡಿ ಹಿಡಿದ ಇಬ್ಬರಲ್ಲಿ ಒಬ್ಬರಿಗಾದರೂ ಎರಡು ವರ್ಷದಲ್ಲಿ ಇದು ಹೊಳೆಯಬಾರದಿತ್ತೇ? ಒಂದೇ ಒಂದು ಅಂಕಿಯನ್ನೂ ಊಹಿಸಬಾರದೆಂದು ಮೂವತ್ತು ವರ್ಷ ಅರೆದು ಕುಡಿಸಿದ ಹೆಂಗಸರಿಗೆ ಊಹೆಯ ಪಂದ್ಯ! ಮೀನಿಗೆ ಮರ ಹತ್ತುವ ಸ್ಪರ್ಧೆ ಏರ್ಪಡಿಸಿ, ಮರದ ಎತ್ತರವನ್ನು ಕೂದಲೆಳೆಯಷ್ಟು ನಿಖರವಾಗಿ ಅಳೆದುಕೊಟ್ಟಂತಾಗಿತ್ತು. ಪರದೆಯಲ್ಲಿ ಇಪ್ಪತ್ತೊಂದು ಉಳಿದಿತ್ತು. ಗಂಟೆ ನಾಲ್ಕೂ ಮುಕ್ಕಾಲು.

ಸಾಹೇಬರು ಪರದೆಗೆ ಮೂಗು ತಾಗಿಸಿ, "ಅಷ್ಟಕ್ಕೂ ನೀವೆಲ್ಲ ಯಾರು?" ಎಂದರು. "ಹೀಗೆ ಮುಖ ತೋರಿಸಿದ್ರೆ ನಂಗೆ ಹೇಗ್ರೀ ಗೊತ್ತಾಗ್ಬೇಕು? ತಿರುಗಿ ಕೂತ್ಕೊಳ್ಳಿ!"

ಹೌದಲ್ಲ! ಆ ಸಂದಿಯಿಂದ ಅವರು ಮೂವತ್ತೊಂದು ವರ್ಷ ಕಂಡದ್ದು ಬರೀ ಬೆನ್ನು, ಬರೀ ತುರುಬು. ನಗುತ್ತ, ಗೊಣಗುತ್ತ, ಸೊಂಟ ಹಿಡಿದುಕೊಂಡು ನರೆತ ತಲೆಗಳೆಲ್ಲ ತಿರುಗಿದವು. ಸಾಹೇಬರ ಮುಖ ಅರಳಿತು. "ಎಡಭುಜ ಇಳಿದಿರೋದು ಹದಿನಾಲ್ಕು. ಈಗ್ಲೂ ಕತ್ತು ಕೆರ್ಕೋತಿರೋದು ಮೂರು. ಇಪ್ಪತ್ತೆರಡು, ನೇರ ಕೂತ್ಕೊಳ್ಳಿ." ಎದುರಿಗೆ ಗೋಡೆ, ಹಿಂದೆ ಸಾಹೇಬರು, ಹೆಂಗಸರಿಗೆ ಒಮ್ಮೆಲೇ ಹಳೆಯ ಬಾಯಿ ಬಂತು. ಒಬ್ಬರ ಮಾತಿನ ಮೇಲೆ ಒಬ್ಬರ ಮಾತು. ಬಿಟ್ಟುಹೋದವರಿಗೆ ಯಾರೋ ಫೋನು ಹಚ್ಚಿ, "ಬಾರೇ, ಸಾರ್ ಬೆನ್ನು ನೋಡಿ ಗುರುತು ಹಿಡೀತಿದಾರೆ!" ಎಂದು ಕೂಗುತ್ತಿದ್ದರು.

ಒಂದು ಮುಖ ಮಾತ್ರ ತಿರುಗದೆ ಹಾಗೇ ಉಳಿದಿತ್ತು.

"ನಂಗೆ ಕುರ್ಚಿನೇ ಇರ್ಲಿಲ್ವಲ್ಲ ಸಾರ್, ನಾನು ಯಾವ ಕಡೆ ತಿರುಗ್ಲಿ?" ಎಂದಳು ಗುಡಿಸುವ ಅಕ್ಕ.

"ನೀನು ಹೇಳೇ, ಮಳೆ, ಬಟ್ಟೆ, ಕಡ್ಡಿ," ಎಂದರು ಯಾರೋ.

"ಕೊಡೆ. ಅದ್ರಲ್ಲೇನಿದೆ ಕಷ್ಟ?" ಎಂದಳು ಆಕೆ. "ಸಾಹೇಬ್ರ ಕೊಡೆ ಹೋಯ್ತಲ್ಲ, ಅಂಥದ್ದು."

ಇಪ್ಪತ್ತು ಬೆನ್ನುಗಳು ಒಟ್ಟಿಗೆ ಬಿಗಿದವು. ಅಂದು ಬೆರಳು ತೋರಿಸಿದವರು ಅವರೇ. ಐದನೇ ಕುರ್ಚಿಯಮ್ಮನ ಬೆನ್ನೂ ಗೋಡೆಯತ್ತ ಮುಖ ಮಾಡಿ ಕೂತಿತ್ತು. ಅದೇ ಧೈರ್ಯ ಕೊಟ್ಟಿತೋ ಏನೋ. ಎದುರಿಗೆ ಯಾರ ಕಣ್ಣೂ ಇಲ್ಲದಿರುವಾಗ ಬಾಯಿ ತಾನಾಗಿ ತೆರೆಯಿತು.

"ಸಾರ್. ಆ ಕೊಡೆ ತಗೊಂಡಿದ್ದು ನಾನು."

ಸ್ಟಾಪ್‌ವಾಚು ಟಿಕ್ಕೆನ್ನುತ್ತಿತ್ತು. ಬೆನ್ನ ಹಿಂದಿನಿಂದ ಆ ಹಳೆಯ ಸ್ವರ ಬಂತು: "ಇನ್ನೊಮ್ಮೆ ಹೇಳಿ."

ಆಕೆ ಇನ್ನೊಮ್ಮೆ ಹೇಳಿದರು. ಶಾಲೆ, ಜ್ವರ, ಬೀರು, ಸೀರೆ ಎಲ್ಲವನ್ನೂ ಹೇಳಿದರು. ತಿರುಗಿ, ಗುಡಿಸುವ ಅಕ್ಕನ ಮುಖವನ್ನು ನೋಡಿ, ತಪ್ಪಾಯಿತೆಂದರು.

"ನಂಗೆ ಅವತ್ತೇ ಗೊತ್ತಿತ್ತು ಬಿಡು ತಾಯಿ," ಎಂದಳು ಅಕ್ಕ. "ನೀನು ಕೊಡೆ ಹಿಡ್ಕೊಂಡು ಓಡಿದ್ದು ಬಾಗಿಲಲ್ಲೇ ನಿಂತು ನೋಡಿದ್ದೆ."

"ಮತ್ತೆ ಹೇಳ್ಬಾರ್ದಿತ್ತಾ!" ಸಾಹೇಬರು ಗುಡುಗಿದರು.

"ಯಾರು ಕೇಳಿದ್ರು? ಅವ್ರೆಲ್ಲ ಅಂದಾಜು ಮಾಡಿದ್ರು. ನೀವು ಅಂದಾಜು ಮಾಡ್ಲಿಲ್ಲ, ಅದು ನಿಮ್ಮ ದೊಡ್ಡಸ್ತಿಕೆ. ಆದ್ರೆ ಇನ್ನೊಮ್ಮೆ ಕೇಳಿ, ಇನ್ನೊಮ್ಮೆ ಕೇಳಿ ಅಂತ ದಿನವಿಡೀ ಬಡ್ಕೋತಿದ್ರಲ್ಲ ಸಾರ್, ನನ್ನ ಮೊದಲ್ನೇ ಸಲಾನೂ ಕೇಳ್ಲಿಲ್ಲ."

ಸಾಹೇಬರು ಕೋಟಿನ ಮೇಲಿನ ಗುಂಡಿಯೊಂದನ್ನು ಬಿಚ್ಚಿದರು. ಅವರು ಅದನ್ನು ಬಿಚ್ಚಿದ್ದನ್ನು ಆವರೆಗೆ ಕಂಡವರಿರಲಿಲ್ಲ.

ಐದು ಹೊಡೆದಾಗ ಪರದೆಯ ಮೇಲೆ ನಲವತ್ತಮೂರು ಮಂದಿಯಿದ್ದರು. ಆರೂವರೆಗೂ ಅಷ್ಟೇ ಇದ್ದರು. ಗುಂಪಿಗೆ ಬೀಗ ಬೀಳಲಿಲ್ಲ. ಸಾಹೇಬರು ಫಲಿತಾಂಶ ಘೋಷಿಸಿದರು: ಗುಡಿಸುವ ಅಕ್ಕನ ಉತ್ತರ ಇಪ್ಪತ್ತು ಸೆಕೆಂಡಿನ ಮೇಲೆ ಹದಿನೇಳು ನಿಮಿಷ ತಡವಾದ್ದರಿಂದ ಅಸಿಂಧು, ಎಲ್ಲರಿಗೂ ಸೊನ್ನೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮಂಗಳವಾರ ಅವರು ಬಂದರು. ತಂದದ್ದು ಒಂದೇ ಹಾಳೆ, ಅದರಲ್ಲಿ ಒಂದೇ ತಿದ್ದುಪಡಿ: "ಇನ್ನೊಮ್ಮೆ ಕೇಳುವ ಮೊದಲು ಒಮ್ಮೆ ಕೇಳತಕ್ಕದ್ದು." ಐದನೇ ಕುರ್ಚಿಯಮ್ಮ ಬೀರುವಿನ ಮೇಲಿಂದ ಕೊಡೆಯನ್ನು ಇಳಿಸಿಕೊಟ್ಟರು. ಬಿಡಿಸಿದೊಡನೆ ಬಟ್ಟೆ ಬೂದಿಯಂತೆ ಉದುರಿ, ಕಡ್ಡಿಗಳಷ್ಟೇ ಉಳಿದವು. ಸಾಹೇಬರು ಅದನ್ನು ಕೂಲಂಕಷವಾಗಿ ಪರಿಶೀಲಿಸಿ, ನನ್ನದೇ ಎಂದು ದೃಢೀಕರಿಸಿ, ಸುಡುಬಿಸಿಲಿನಲ್ಲಿ ಆ ಅಸ್ಥಿಪಂಜರವನ್ನು ತಲೆಯ ಮೇಲೆ ಹಿಡಿದು ಅಡ್ಡಡ್ಡಲಾಗಿ ಬೀದಿಗಿಳಿದರು. ಎದುರಿನ ಬಸ್ಸು ನಿಂತಿತು. ಮುಸುಕಿನಿಂದ ಯಜಮಾನರು ಕೇಳಿದರು: "ಹೋದ್ರಾ?" "ಗುರುವಾರ ಇನ್ನೊಮ್ಮೆ ಬರ್ತಾರಂತೆ," ಎಂದು ಹೇಳಿ ಐದನೇ ಕುರ್ಚಿಯಮ್ಮ ಹಣೆ ಚಚ್ಚಿಕೊಂಡರು.

ಲೋಕ ನಡೆಯುವುದೇ ಅಂದಾಜಿನ ಮೇಲೆ. ವೈದ್ಯರ ಕೈಯಲ್ಲೂ ಅಂದಾಜು, ಅತ್ತೆಯ ನಾಲಿಗೆಯಲ್ಲೂ ಅಂದಾಜು. ಪಕ್ಕದ ಮನೆಯವರನ್ನು ಕುರಿತಂತೂ ನಾವು ಅಂದಾಜನ್ನೇ ಉಂಡು ಅಂದಾಜನ್ನೇ ಹೊದೆಯುತ್ತೇವೆ. ಇಂಥದರ ನಡುವೆ ಊಹಿಸಲೊಲ್ಲೆನೆಂದು ಅಡ್ಡ ನಿಂತವರು ಅಡುಗೆಮನೆಗಾಗದವರು, ಆಟಕ್ಕಾಗದವರು, ದಾರಿಗೂ ಅಡ್ಡವಾಗುವವರು. ಅವರ ಜೊತೆ ಅರ್ಧ ಗಂಟೆ ಕಳೆಯುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದು ಸುಖ. ಆದರೆ ಒಂದು ದಿನ ಇಡೀ ಕೋಣೆ ನಮ್ಮತ್ತ ಬೆರಳು ಚಾಚಿ ನಿಂತಾಗ, ಅಂಥವರೊಬ್ಬರು ನಮ್ಮ ಕುರ್ಚಿಯ ಹಿಂದೆ, ಕುರ್ಚಿಯಿಲ್ಲದವರಾದರೆ ಬಾಗಿಲ ಬಳಿ, ಸೀನುತ್ತಲಾದರೂ ನಿಂತಿರಬೇಕು. ಆ ದಿನ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲವಾದ್ದರಿಂದ, ಮಿಕ್ಕ ದಿನಗಳಲ್ಲೆಲ್ಲ ಅವರ ತಿದ್ದುಪಡಿಗಳನ್ನು ಕೇಳಿಸಿಕೊಂಡಿರುವುದೊಂದೇ ನಮಗಿರುವ ದಾರಿ.