ಮಡಚದ ಕಾಲು

ಬೀಗ ಹಾಕಿದ್ದೇನೋ ಇಲ್ಲವೋ, ಕೀಲಿ ಜೇಬಿನಲ್ಲೇ ಇದೆ, ತಿರುಗಿಸಿದ ನೆನಪು ಮಾತ್ರ ಇಲ್ಲ — ಇಲ್ಲಿಯವರು ಟೆಂಟು ಎನ್ನುವ ಕ್ಲಬ್ಬಿನ ಕಚೇರಿಯಲ್ಲಿರುವ ಕಬ್ಬಿಣದ ಬೀರು, ಅದರ ಕೆಳಖಾನೆ, ಹಳೆಯ ಜರ್ಸಿಗಳ ರಾಶಿ, ರಾಶಿಯ ಅಡಿಯಲ್ಲಿ ಆ ಕಂದು ಲಕೋಟೆ, ಈಗ ಯಾರಾದರೂ ಗಂಧದ ಬಟ್ಟಲು ಹುಡುಕಿಕೊಂಡು ಹೋಗಿ ಬೀರು ತೆಗೆದರೆ, ತೆಗೆದರೆ ತೆಗೆಯಲಿ, ಸ್ಕ್ಯಾನಿನ ಕಪ್ಪು ಹಾಳೆ ನೋಡಿ ಯಾರಿಗೆ ಏನು ತಿಳಿಯುತ್ತದೆ, ಆದರೆ ಜೊತೆಗೆ ಡಾಕ್ಟರ ಚೀಟಿಯೂ ಇದೆ, ಚೀಟಿಯಲ್ಲಿ ತಾರೀಕಿದೆ. ಚಂದ್ರಹಾಸ ಜುಬ್ಬದ ಜೇಬಿನೊಳಗೆ ಕೀಲಿಯ ಹಲ್ಲುಗಳನ್ನು ಹೆಬ್ಬೆರಳಿನಿಂದ ಸವರುತ್ತ ನಿಂತಿದ್ದ, ಮ್ಯಾನೇಜರ್ ನಿಲ್ಲಬೇಕಾದ ಜಾಗದಲ್ಲಿ, ಗೋಲ್‌ಪೋಸ್ಟಿನ ಬಲಕ್ಕೆ, ಪುರೋಹಿತರು ಸ್ಟೂಲು ಹತ್ತಿ ಬಿಳಿ ಅಡ್ಡಪಟ್ಟಿಗೆ ಸಿಂದೂರ ಹಚ್ಚುತ್ತಿದ್ದರು, ಪೊಯ್ಲಾ ಬೈಶಾಖದ ಬೆಳಿಗ್ಗೆ, ಬಂಗಾಳಿಗಳ ಹೊಸ ವರ್ಷ, ಇವತ್ತು ಕಲ್ಕತ್ತದ ಮೈದಾನದ ಫುಟ್‌ಬಾಲ್ ಕ್ಲಬ್ಬುಗಳೆಲ್ಲ ಗೋಲ್‌ಪೋಸ್ಟಿಗೆ ಹಾರ ಹಾಕಿ ಅದರ ಅಡ್ಡಪಟ್ಟಿಗೆ ಬಾರ್ ಪೂಜೆ ಮಾಡುತ್ತವೆ, ಇಲ್ಲಿಯ ರೂಢಿಯಲ್ಲಿ ಕ್ಯಾಪ್ಟನ್ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸಂಕಲ್ಪ ಮಾಡಬೇಕು, ಯಾರು ಕೂರುತ್ತಾನೋ ಅವನೇ ಆ ವರ್ಷದ ಕ್ಯಾಪ್ಟನ್, ಯಾರೂ ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಅದೇ ಈ ಪೂಜೆಯ ಸುಖ. ಈ ವರ್ಷ ತಪನ್ ಕೂರುತ್ತಾನೆ, ಇಪ್ಪತ್ತೊಂದರ ಹುಡುಗ, ಅದು ತಪನ್‌ಗೆ ಗೊತ್ತು, ಸೆಕ್ರೆಟರಿ ಪ್ರದ್ಯೋತ್‌ದಾಗೆ ಗೊತ್ತು, ಗೊತ್ತಿಲ್ಲದವನು ಈಗ ಬೇಲಿಯ ಗೇಟಿನಿಂದ ಒಳಗೆ ಬರುತ್ತಿದ್ದಾನೆ, ವಿನಾಯಕ, ಹೋದ ವರ್ಷದ ಕ್ಯಾಪ್ಟನ್, ಇಸ್ತ್ರಿ ಮಾಡಿದ ಹೊಸ ಜುಬ್ಬ, ಬಲಗಾಲು ಮಡಚದೆ ನೆಟ್ಟಗೆ ಮುಂದಕ್ಕೆ ಬೀಳುತ್ತದೆ, ಅದರ ಹಿಂದೆ ಉಳಿದ ಮೈ ಬರುತ್ತದೆ, ಪಕ್ಕದಲ್ಲಿ ಅವನ ತಾಯಿ ಇಂದುಮತಿಯಮ್ಮ, ಕೈಯಲ್ಲಿ ತೆಂಗಿನಕಾಯಿ. ನಿನ್ನೆ ವಿನಾಯಕ ಫೋನ್ ಮಾಡಿ ಕೇಳಿದ್ದ, ಚಂದ್ರಣ್ಣ, ನಾಳೆ ನಾನು ಬರ್ಲಿಕ್ಕುಂಟಾ, ಪಾಪದವನು ಪ್ರಶ್ನೆಯಲ್ಲೇ ದಾರಿ ಬಿಟ್ಟುಕೊಟ್ಟಿದ್ದ, ಬೇಡ ಮಾರಾಯ, ಈ ಸಲ ತಪನ್, ಅಷ್ಟೆಂದರೆ ಮುಗಿಯುತ್ತಿತ್ತು, ಬಾ ಬಾ, ಬಾರದೆ ಎಂತ, ಎಂದ ಚಂದ್ರಹಾಸ, ಫೋನ್ ಇಟ್ಟ ಮೇಲೆ ಹೆಂಡತಿ ವಾಸಂತಿ ಅಡುಗೆಮನೆಯಿಂದ ಕೇಳಿದಳು, ಹೇಳಿದಿರಾ, ನಾಳೆ ಅಲ್ಲೇ ಗೊತ್ತಾಗ್ತದಲ್ಲ, ಎಂದ, ಅವಳು ಲೇಕ್ ಮಾರ್ಕೆಟ್ಟಿನಿಂದ ತಂದ ಕರಿಬೇವನ್ನು ಕಡ್ಡಿಯಿಂದ ಬಿಡಿಸುತ್ತ ಕೂತಳು, ಎಲ್ಲ ಎಲೆ ಬಿಡಿಸಿಯಾದ ಮೇಲೆ, ನಿಮಗೆ ಅದೊಂದು ಚೆನ್ನಾಗಿ ಬರ್ತದೆ, ಎಂದಳು.

ಅದೊಂದು ಅಂದರೆ ಸುಮ್ಮನಿರುವುದು. ಸುಮ್ಮನಿರುವುದು ನಡುಮೈದಾನದವನ ಕಸುಬು, ಅದನ್ನು ಕಲಿಸಿದವರು ಅಣ್ಣಪ್ಪ ಮಾಸ್ತರು, ಧಾರವಾಡದವರು, ರೈಲ್ವೆ ತಂಡದ ಕೋಚು, ಗಾರ್ಡನ್ ರೀಚಿನ ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ, ಮಂಗಳೂರು ಕಡೆಯಿಂದ ಬಂದ ಗುಮಾಸ್ತನ ಮಗ ಚಂದ್ರಹಾಸನನ್ನು ಹಿಡಿದು ನಿಲ್ಲಿಸಿ, ಲೇ ಚಂದ್ರ, ಚೆಂಡ್ ನೋಡಬ್ಯಾಡೋ, ಮಂದೀನ ನೋಡು, ಯಾವಾಂವ ಯಾವ ಕಡೆ ವಾಲ್ಯಾನ ನೋಡು, ನೀ ಮಾತ್ರ ಯಾವ ಕಡೀಗೂ ವಾಲಬ್ಯಾಡ. ವಾಲಲಿಲ್ಲ, ಹದಿಮೂರು ವರ್ಷ ಕಲ್ಕತ್ತದ ಲೀಗಿನಲ್ಲಿ ಆಡಿದ, ಅವನು ಕೊಟ್ಟ ಚೆಂಡಿನಿಂದ ಬೇರೆಯವರು ಗೋಲು ಹೊಡೆದರು, ಬೇರೆಯವರ ಹೆಸರನ್ನು ಜನ ಕೂಗಿದರು. ಒಂದು ವರ್ಷ, ಆಟಗಾರರು ಕ್ಲಬ್ಬುಗಳಿಗೆ ಸಹಿ ಹಾಕುವ ವಾರದಲ್ಲಿ, ಎದುರು ಕ್ಲಬ್ಬಿನವರು ಹಾರಿಸಿಕೊಂಡು ಹೋಗದ ಹಾಗೆ ಪ್ರದ್ಯೋತ್‌ದಾ ಅವನನ್ನು ಸಿಯಾಲ್ದಾದ ಲಾಡ್ಜೊಂದರಲ್ಲಿ ಐದು ದಿನ ಬಚ್ಚಿಟ್ಟ, ಬಾಗಿಲಿಗೆ ಹೊರಗಿನಿಂದ ಚಿಲಕ, ಹೊತ್ತುಹೊತ್ತಿಗೆ ಇಲಿಶ್ ಮೀನಿನ ಸಾರು, ಮುಳ್ಳನ್ನು ಪ್ರದ್ಯೋತ್‌ದಾ ತಾನೇ ಬಿಡಿಸಿಕೊಡುತ್ತಿದ್ದ, ನೀನು ನಮ್ಮ ಮನೆ ಹುಡುಗ ಕಣೋ ಚಂದೂ, ಮರುವರ್ಷ ಬಾರ್ ಪೂಜೆಯ ದಿನ ಮನೆ ಹುಡುಗ ಹೊಸ ಬಟ್ಟೆ ತೊಟ್ಟು ಬಂದರೆ ಚಾಪೆಯ ಮೇಲೆ ಬೇರೊಬ್ಬ ಕೂತಾಗಿತ್ತು, ಯಾರೂ ಏನೂ ಹೇಳಲಿಲ್ಲ, ಒಬ್ಬ ಕೈಗೆ ಸಂದೇಶ್ ಮಿಠಾಯಿ ಇಟ್ಟ, ಚಂದ್ರಹಾಸ ತಿಂದ, ಸಿಹಿಯಾಗಿಯೇ ಇತ್ತು. ಆಮೇಲೆ ಅಣ್ಣಪ್ಪ ಮಾಸ್ತರು ಇದೇ ಕ್ಲಬ್ಬಿಗೆ ಕೋಚಾಗಿ ಬಂದು ಅವನನ್ನು ಕೈಕೆಳಗೆ ಇಟ್ಟುಕೊಂಡರು, ಮೂರು ವರ್ಷದ ಮೇಲೆ ಟೆಂಟಿನಲ್ಲಿ ಸಭೆ, ಮಾಸ್ತರರಿಗೆ ವಯಸ್ಸಾಯಿತು, ಹುಡುಗರ ಹೆಸರು ಮರೆಯುತ್ತಾರೆ, ಹೌದೇನು ಚಂದೂ, ಎಂದ ಪ್ರದ್ಯೋತ್‌ದಾ, ಎಲ್ಲರೂ ಅವನ ಕಡೆ ನೋಡಿದರು, ಮಾಸ್ತರೂ ನೋಡಿದರು, ಮಾಸ್ತರು ಯಾವ ಹೆಸರನ್ನೂ ಮರೆಯುತ್ತಿರಲಿಲ್ಲ, ಅವನು ಮೇಜಿನ ಮೇಲಿದ್ದ ಚಹದ ಕಪ್ಪಿನ ಬಿರುಕನ್ನು ನೋಡುತ್ತ ಕೂತ, ಅಷ್ಟು ಸಾಕಾಯಿತು, ಮರುವಾರ ಮಾಸ್ತರರ ಜಾಗಕ್ಕೆ ಮ್ಯಾನೇಜರ್ ಎಂದು ಕುರ್ಚಿಯ ಹಿಂದೆ ಅವನ ಹೆಸರು ಬರೆಸಿದರು. ಮಾಸ್ತರು ಹೊರಡುವಾಗ ಒಂದೇ ಮಾತು ಅಂದರು, ಛಲೋ ಕಲತೀ ಬಿಡು.

ಯಾರೋ ಶಂಖ ಊದಿದರು. ಹೊಸ ಬ್ಯಾನರು ಗಾಳಿಗೆ ಪಟಪಟ ಬಡಿಯುತ್ತಿದೆ, ಸೆಕ್ಟರ್ ಫೈವಿನ ಸಾಫ್ಟ್‌ವೇರ್ ಕಂಪನಿಯ ಹೆಸರು, ಎರಡು ಸಾವಿರದ ಏಳರಿಂದ ಹತ್ತು ಎಂದು ದೊಡ್ಡದಾಗಿ ಬರೆದಿದೆ, ಮೂರು ವರ್ಷ ಈ ಕ್ಲಬ್ಬಿನ ಜರ್ಸಿಯ ಎದೆಯ ಮೇಲೆ ಅದೇ, ಕಂಪನಿಯ ಪರವಾಗಿ ಬಂದ ರೋಹಿತ್ ಬೆಂಗಳೂರಿನವನು, ಕನ್ನಡ ಸಿಕ್ಕಿದ್ದಕ್ಕೆ ಮೊದಲ ದಿನ ತುಂಬ ಖುಷಿಪಟ್ಟಿದ್ದ, ಲ್ಯಾಪ್‌ಟಾಪ್ ತೆರೆದು ಯಾರು ಎಷ್ಟು ಓಡಿದ ಎಂದು ಬಣ್ಣಬಣ್ಣದ ಗೆರೆ ತೋರಿಸಿ, ಸರ್, ಡರ್ಬಿ ಗೆದ್ರೆ ನಮ್ಮವ್ರು ಕಣ್ಮುಚ್ಕೊಂಡು ಸೈನ್ ಮಾಡ್ತಾರೆ, ಸೋತ್ರೆ ನಂಗೊತ್ತಿಲ್ಲ. ಪ್ರದ್ಯೋತ್‌ದಾ ಅದನ್ನೇ ಬಂಗಾಳಿಯಲ್ಲಿ ಬಿಡಿಸಿ ಹೇಳಿದ, ಸೋತರೆ ನಿನ್ನ ಕುರ್ಚಿಯ ಹೆಸರನ್ನು ನೀನೇ ಒರೆಸು, ಬಟ್ಟೆ ನಾನು ಕೊಡುತ್ತೇನೆ, ಮತ್ತು ನಕ್ಕ. ಎದುರು ಕ್ಲಬ್ಬಿನ ಮೇಲಿನ ಆ ಡರ್ಬಿ ಪಂದ್ಯಕ್ಕೆ ಎರಡು ದಿನ ಇರುವಾಗ ಅಭ್ಯಾಸದಲ್ಲಿ ವಿನಾಯಕನ ಬಲಮಂಡಿ ತಿರುಚಿತು. ವಿನಾಯಕ, ಮೂಲ್ಕಿಯ ಶಾಲೆಯ ಮೈದಾನದಿಂದ ಚಂದ್ರಹಾಸನೇ ಆರಿಸಿ ತಂದ ಹುಡುಗ, ನಡುಮೈದಾನದ ಆಟಗಾರ, ಚೆಂಡು ನೋಡದೆ ಜನ ನೋಡುವವನು. ಕಸ್ಬಾದ ಸ್ಕ್ಯಾನ್ ಸೆಂಟರಿಗೆ ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದ, ಹಿಂದಿನ ಸೀಟಿನ ಉದ್ದಕ್ಕೂ ಚಾಚಿದ ಬಲಗಾಲು, ಹೊರಗಿನ ಬೆಂಚಿನಲ್ಲಿ ಹುಡುಗ ಲೇಸು ಕಟ್ಟುತ್ತ ಕೂತಿದ್ದಾಗ ಒಳಗೆ ಡಾಕ್ಟರು ಹೇಳಿದರು, ಲಿಗಮೆಂಟು ಅರ್ಧ ಹರಿದಿದೆ, ಎರಡು ತಿಂಗಳು ಆಡಿಸಬೇಡಿ, ಆಡಿದರೆ ಪೂರ್ತಿ ಹೋಗುತ್ತದೆ, ಹುಡುಗನಿಗೆ ನೀವೇ ಹೇಳುತ್ತೀರಲ್ಲ, ಹೇಳುತ್ತೇನೆ ಡಾಕ್ಟರೇ. ಬಾಗಿಲಿನಿಂದ ಬೆಂಚಿಗೆ ಒಂಬತ್ತು ಹೆಜ್ಜೆ, ಐದನೆಯ ಹೆಜ್ಜೆಗೆ ಕುರ್ಚಿ ನೆನಪಾಯಿತು, ಎಂತ ಹೇಳಿದ್ರು ಚಂದ್ರಣ್ಣ, ಎಂತ ಇಲ್ಲ ಮಾರಾಯ, ಬರೀ ಊತ, ಒಂದು ಇಂಜೆಕ್ಷನ್ ಕೊಟ್ರೆ ಆಯ್ತು. ಕನ್ನಡದಲ್ಲಿ ಹೇಳಿದ, ಆ ಕಾರಿಡಾರಿನಲ್ಲಿ ಬೇರೆ ಯಾರಿಗೂ ಅರ್ಥವಾಗದ ಭಾಷೆ, ಊರಿನ ಮಾತು ಕೇಳಿ ಹುಡುಗನ ಮುಖ ಸಡಿಲವಾಯಿತು, ಹಾಗಾದ್ರೆ ಸರಿ, ನೀವು ಹೇಳಿದ್ರೆ ಆಯ್ತು.

ಡರ್ಬಿಯ ಎಪ್ಪತ್ತೊಂದನೆಯ ನಿಮಿಷದಲ್ಲಿ ವಿನಾಯಕ ಮೂವರ ನಡುವಿನಿಂದ ಚೆಂಡು ತೂರಿಸಿದ, ತಪನ್ ಅದನ್ನು ಗೋಲಿಗೆ ತಳ್ಳಿದ, ಇಡೀ ಸ್ಟೇಡಿಯಂ ಎದ್ದು ತಪನ್ ತಪನ್ ಎನ್ನುತ್ತಿತ್ತು, ಚೆಂಡು ಕೊಟ್ಟವನು ಕೊಟ್ಟ ಜಾಗದಲ್ಲೇ ಬಿದ್ದಿದ್ದ, ಎಡಗಾಲು ಎದೆಗೆ ಮಡಚಿಕೊಂಡಿತ್ತು, ಬಲಗಾಲು ಹುಲ್ಲಿನ ಮೇಲೆ ನೆಟ್ಟಗೆ ಚಾಚಿತ್ತು, ಚಂದ್ರಹಾಸ ಮೊದಲು ಗಡಿಯಾರ ನೋಡಿದ, ಆಮೇಲೆ ಕಾಲು ನೋಡಿದ. ಆಸ್ಪತ್ರೆಯಲ್ಲಿ, ಕೊಯ್ದು ಹೊಲಿದ ಮೂರನೆಯ ದಿನ, ದಿಂಬಿನ ಮೇಲೆ ಬಲಗಾಲು ಚಾಚಿಕೊಂಡು ವಿನಾಯಕ ಅತ್ತ, ನೋವಿಗಲ್ಲ, ನಾನೇ ಕಾಲು ತಪ್ಪು ಇಟ್ಟೆ ಚಂದ್ರಣ್ಣ, ನೀವು ನಂಬಿ ಇಳಿಸಿದ್ರಿ, ಬಾಕಿ ಪಂದ್ಯಕ್ಕೆಲ್ಲ ನಾನು ಇಲ್ಲದ ಹಾಗಾಯ್ತು, ಬೇಜಾರು ಮಾಡ್ಕೊಳ್ಬೇಡಿ. ಆಗ ಹೇಳಬಹುದಿತ್ತು, ವಾರ್ಡಿನಲ್ಲಿ ಇಬ್ಬರೇ ಇದ್ದರು, ಹೋಗ್ಲಿ ಬಿಡು, ಎಂದ ಚಂದ್ರಹಾಸ, ಆಡುವಾಗ ಇದೆಲ್ಲ ಆಗ್ತದೆ. ಅಂದರೆ ಕ್ಷಮಿಸಿದ. ಕ್ಷಮಿಸಿ, ಕಿತ್ತಳೆ ಸುಲಿದು ಕೊಟ್ಟು ಬಂದ.

ಇಂದುಮತಿಯಮ್ಮ ಅವನ ಕಡೆಗೇ ಬರುತ್ತಿದ್ದಾರೆ, ಎರಡು ತಿಂಗಳಿಂದ ಮಗನ ಜೊತೆ ಬಾಡಿಗೆ ಕೋಣೆಯಲ್ಲಿದ್ದರೂ ಇನ್ನೂ ಟ್ರಾಮಿನ ಗಂಟೆಗೆ ಬೆಚ್ಚುತ್ತಾರೆ, ಕೈ ಮುಗಿದರು, ಚಂದ್ರಣ್ಣ, ನಮ್ಮ ಮರದ್ದೇ ಕಾಯಿ, ನನ್ನ ತಮ್ಮ ಮೊನ್ನೆ ಊರಿಂದ ಬಂದವ ತಂದದ್ದು, ಇಲ್ಲಿಯ ಕಾಯಿಗೆ ನೀರೇ ಇಲ್ಲ ಮಾರಾಯ್ರೆ, ಇವ್ರು ದೇವರಿಗೆ ಮೋಸ ಮಾಡುದು, ಎಂದು ಸಣ್ಣಗೆ ನಕ್ಕು, ದನಿ ತಗ್ಗಿಸಿ, ಮತ್ತೊಂದು ವಿಷಯ, ಮಂಗಳೂರಿನ ಡಾಕ್ಟ್ರಲ್ಲಿ ತಮ್ಮ ಮಾತಾಡಿದ್ದಾನೆ, ಇನ್ನೊಮ್ಮೆ ಕೊಯ್ದು ನೋಡ್ಬಹುದಂತೆ, ಮಡಚ್ಲಿಕ್ಕಾದ್ರೂ ಆದೀತಂತೆ, ಮೊದಲ್ನೇ ಸ್ಕ್ಯಾನು ಬೇಕೇ ಬೇಕಂತೆ, ಅದು ನಿಮ್ಮಲ್ಲಿ ಉಂಟಲ್ಲ. ಕೀಲಿ ಅಂಗೈಗೆ ಒತ್ತಿತು. ಲಕೋಟೆ ಕೊಟ್ಟರೆ ಚೀಟಿಯಲ್ಲಿ ಡಾಕ್ಟರು ಬರೆದದ್ದನ್ನೂ ತಾರೀಕನ್ನೂ ಓದುತ್ತಾರೆ, ಚೀಟಿ ತೆಗೆದು ಹಾಳೆ ಮಾತ್ರ ಕೊಟ್ಟರೆ, ಹಾಳೆಯ ಮೂಲೆಯಲ್ಲೂ ತಾರೀಕು ಅಚ್ಚಾಗಿದೆ, ಅರ್ಧ ಹರಿದದ್ದು ಡಾಕ್ಟರಾದವನಿಗೆ ಕಾಣದೆ ಇರುತ್ತದೆಯೇ. ಟೆಂಟಲ್ಲಿ ಎಲ್ಲೋ ಇರ್ಬೇಕು ಅಮ್ಮ, ಹುಡುಕಿ ಕೊಡ್ತೇನೆ. ನೀವಿದ್ದೀರಲ್ಲ, ನಂಗೆ ಹೆದರಿಕೆ ಇಲ್ಲ, ಎಂದು ಅವರು ಪ್ಲಾಸ್ಟಿಕ್ ಕುರ್ಚಿಗೆ ಹೋಗಿ ಕೂತರು. ಅಷ್ಟರಲ್ಲಿ ಪುರೋಹಿತರು ಸ್ಟೂಲಿನಿಂದ ಇಳಿದು, ಕ್ಯಾಪ್ಟನ್ ಎಲ್ಲಿ, ಬಂದು ಕೂತುಕೊಳ್ಳಪ್ಪ, ಎಂದರು, ಅವರಿಗೆ ಗೊತ್ತಿರುವ ಕ್ಯಾಪ್ಟನ್ ವಿನಾಯಕನೇ, ಅವನ ಮುಖ ನೋಡಿಯೇ ಕರೆದರು, ತಪನ್ ಒಂದು ಹೆಜ್ಜೆ ಇಟ್ಟವನು ನಿಂತ, ವಿನಾಯಕ ಚಪ್ಪಲಿ ಬಿಟ್ಟು, ಪೋಸ್ಟ್ ಹಿಡಿದು, ಎಡಗಾಲಿನ ಮೇಲೆ ಭಾರ ಹಾಕಿ ಮೆಲ್ಲಗೆ ಚಾಪೆಗೆ ಇಳಿದ, ಎಡಗಾಲು ಮಡಚಿತು, ಬಲಗಾಲು ಮಡಚಲಿಲ್ಲ, ಚಾಪೆ ದಾಟಿ, ಹೂವಿನ ಬುಟ್ಟಿ ದಾಟಿ, ಅಂಗಾಲು ಕಳಶದ ಕಡೆಗೆ ಚಾಚಿ ನಿಂತಿತು. ಕಾಲು ಮಡಚಪ್ಪ, ದೇವರಿದೆ, ಎಂದರು ಪುರೋಹಿತರು, ಹಿಂದಿನಿಂದ ಮೆಂಬರೊಬ್ಬ, ಅದು ಮಡಚುವುದಿಲ್ಲ ಪಂಡಿತರೇ, ಗ್ಯಾರಂಟಿ ಮುಗಿದಿದೆ, ನಾಲ್ಕಾರು ಜನ ನಕ್ಕರು, ವಿನಾಯಕನಿಗೂ ಅಷ್ಟು ಬಂಗಾಳಿ ಬರುತ್ತದೆ, ಅವನೂ ನಕ್ಕ. ಕ್ಯಾಮೆರಾ ಕಣ್ಣಿಗಿಟ್ಟುಕೊಂಡಿದ್ದ ರೋಹಿತ್, ಸರ್, ಅವರ ಕಾಲು ಫ್ರೇಮಲ್ಲಿ ಬರ್ತಿದೆ. ಪ್ರದ್ಯೋತ್‌ದಾ ಚಂದ್ರಹಾಸನನ್ನು ನೋಡಿದ, ಎಲ್ಲರೂ ನೋಡಿದರು, ಅವನು ಹೋಗಿ ಬಗ್ಗಿ, ವಿನಾಯಕನ ಕಿವಿಯ ಹತ್ತಿರ, ಕನ್ನಡದಲ್ಲಿ, ಮೆತ್ತಗೆ, ಏಳು ಮಾರಾಯ, ದೇವರ ಎದುರು ಕಾಲು ಚಾಚಿ ಕೂತ್ರೆ ಕ್ಲಬ್ಬಿಗೆ ಒಳ್ಳೇದಾಗುದಿಲ್ಲ, ತಪನ್ ಕೂತ್ಕೊಳ್ಳಲಿ. ಹೇಳುವಾಗಲೇ ಗೊತ್ತಿತ್ತು, ಎಷ್ಟು ಸಲೀಸಾಗಿ ಬಂತು ಮಾತು, ಡರ್ಬಿಯಲ್ಲಿ ಒಮ್ಮೆ, ಈಗ ಈ ಕಾಲು ತನಗೆ ಎರಡನೆಯ ಸಲ ಒದಗಿತು. ಕುರ್ಚಿಯಿಂದ ಇಂದುಮತಿಯಮ್ಮ, ಹೌದು ಮಗ, ಚಂದ್ರಣ್ಣ ಹೇಳುದು ಸರಿ, ಏಳು. ವಿನಾಯಕ ತನ್ನ ಕಾಲನ್ನೇ ನೋಡಿದ, ಬೇರೆ ಯಾರದೋ ಎಂಬ ಹಾಗೆ, ಆಮೇಲೆ ತಲೆಯೆತ್ತಿ, ತಪ್ಪಾಯ್ತು ಚಂದ್ರಣ್ಣ, ಎಂದ, ಏಳಲು ಕೈ ಚಾಚಿದ, ಚಂದ್ರಹಾಸ ಜೇಬಿನಿಂದ ಕೈ ತೆಗೆಯಬೇಕಿತ್ತು, ತೆಗೆದರೆ ಕೀಲಿಯೂ ಬರುತ್ತಿತ್ತು, ತಪನ್ ಬಂದು ಎತ್ತಿದ. ಶಂಖ, ಗಂಟೆ, ತಪನ್‌ನ ಹಣೆಗೆ ತಿಲಕ, ಮೂಲ್ಕಿಯ ಕಾಯಿ ಒಡೆದು ಎಲ್ಲರ ಪಾದದ ಮೇಲೆ ನೀರು ಹಾರಿತು, ಯಾರೋ ಕೈಗೆ ಸಂದೇಶ್ ಇಟ್ಟರು, ಚಾಪೆಯ ಮೇಲೆ ಈಗ ಎರಡು ಮಡಚಿದ ಕಾಲು ಇವೆ, ಅವನಿಗೆ ಕಾಣುವುದು ಅದಲ್ಲ, ಟ್ಯಾಕ್ಸಿಯ ಸೀಟಿನ ಮೇಲೆ, ಹುಲ್ಲಿನ ಮೇಲೆ, ದಿಂಬಿನ ಮೇಲೆ, ಕಳಶದ ಎದುರು, ಚಾಚಿದ ಬಲಗಾಲು, ಅಂಗಾಲಿಗೆ ಅಂಟಿದ ಒಂದು ಚೆಂಡುಹೂವಿನ ಎಸಳು, ಚಾಚಿದ ಬಲಗಾಲು. ಆಟಕ್ಕೆ ಇಳಿಸುವ ಮೊದಲೇ ಆ ಮಂಡಿ ಅರ್ಧ ಹರಿದಿತ್ತು, ಅದು ತನಗೆ ಗೊತ್ತಿತ್ತು, ಎಂಬ ಮಾತನ್ನು ಅವನು ವಿನಾಯಕನಿಗೆ ಎಂದೂ ಹೇಳಲಿಲ್ಲ.