ಏಳನೇ ಜಾಗದ ಕಪ್ಪೆ

ಕಾಲೇಜಿನಲ್ಲಿ ಅವನನ್ನು ಎಲ್ಲರೂ ಟೇಪು ಅಂತಲೇ ಕರೆಯುತ್ತಿದ್ದರು. ಪ್ರಿನ್ಸಿಪಾಲರ ಕೆಮ್ಮು, ಕ್ಯಾಂಟೀನಿನ ಮಿಕ್ಸಿ, ಕೆಟ್ಟ ಸ್ಕೂಟರಿನ ಗೊಣಗಾಟ, ಯಾವುದನ್ನೇ ಆಗಲಿ ಒಮ್ಮೆ ಕೇಳಿದರೆ ಸಾಕು, ಗಂಟಲಿಂದ ಹೊರಟುಬಿಡುತ್ತಿತ್ತು. ಆ ಗಂಟಲೇ ಕುತ್ತಿಗೆಗೆ ಬಂದದ್ದು ಕಪ್ಪೆಯ ದೆಸೆಯಿಂದ.

ಕೊನೆಯ ವರ್ಷದ ಪ್ರಾಜೆಕ್ಟು: ಕೆರೆಯ ಸುತ್ತ ಹತ್ತು ಜಾಗ. ಒಂದೊಂದರಲ್ಲೂ ಇಬ್ಬರು ಐದು ನಿಮಿಷ ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಕೂಗು ಕೇಳಿಯೇ ಕಪ್ಪೆಗಳನ್ನು ಎಣಿಸಬೇಕು. ಗಡಿಯಾರ ಅವನದು, ಪುಸ್ತಕ ಜೊತೆಗಾತಿಯದು. ಒಂದು ಸಂಜೆ ಏಳನೇ ಜಾಗದಲ್ಲಿ ಒಂದು ಕಪ್ಪೆಯೂ ಉಸಿರೆತ್ತಲಿಲ್ಲ. ಬೇಸರ ಹತ್ತಿ ಟೇಪು ಬಾಯಿಗೆ ಅಂಗೈ ಅಡ್ಡ ಹಿಡಿದ. ಇಪ್ಪತ್ತು ವರ್ಷದಿಂದ ಆ ಕೆರೆಯಲ್ಲಿ ಯಾರ ಕಿವಿಗೂ ಬೀಳದ ಪಟ್ಟೆಗಪ್ಪೆಯ ಕೂಗನ್ನು ಲ್ಯಾಬಿನ ಕಂಪ್ಯೂಟರಿನಲ್ಲಿ ಕೇಳಿದ್ದ. ಟಿಕ್, ಟಿಕ್, ಟ್ರರ್ರ್.

ತಿರುಗಿ ನೋಡಿದರೆ ಅವಳ ಕಣ್ಣಲ್ಲಿ ನೀರು. ನಕ್ಕು ಹೇಳಿಬಿಡೋಣ ಅನ್ನುವಷ್ಟರಲ್ಲಿ ಫೋನು ಕಿವಿಗೇರಿತ್ತು: "ಅಮ್ಮಾ, ಸಿಕ್ತಮ್ಮಾ!"

ಅವತ್ತು ನುಂಗಿದ ಮಾತು ಮೂರು ವಾರವಾದರೂ ಹೊರಬರಲಿಲ್ಲ. ಗೆಳೆಯರು ಪ್ರಿನ್ಸಿಪಾಲರ ಕೆಮ್ಮು ಮಾಡಿ ತೋರಿಸು ಎಂದರೂ, ಬಾಯಿ ತೆರೆದರೆ ಎಲ್ಲಿ ಕಪ್ಪೆ ಹಾರಿಬಿಡುತ್ತದೋ ಎಂಬ ದಿಗಿಲು. ಪ್ರಾಜೆಕ್ಟು ನೋಡಿಕೊಳ್ಳುತ್ತಿದ್ದ ಮಂಡಿನೋವಿನ ಮೇಡಂ ನಾಲ್ಕು ಸಂಜೆ ಏಳನೇ ಜಾಗದಲ್ಲಿ ನಿಂತು ಬರಿಗಿವಿಯಲ್ಲಿ ವಾಪಸಾದರು. "ನನ್ನ ಕಿವಿಗೆ ವಯಸ್ಸಾಯ್ತು ಕಣಪ್ಪ," ಎಂದು ಅವನಿಗೇ ಹೇಳಿದರು. ಅದೊಂದು ಮಾತು ಅವನ ಅನ್ನ ನೀರು ಕಿತ್ತುಕೊಂಡಿತು.

ನಾಳೆ ವಿದ್ಯಾರ್ಥಿಗಳ ಸಂಶೋಧನಾ ಗೋಷ್ಠಿ. ಲ್ಯಾಬಿನಲ್ಲಿ ಅವಳು 'ಪಟ್ಟೆಗಪ್ಪೆ ಮರಳಿತು' ಎಂಬ ಪೋಸ್ಟರಿನ ಮೂಲೆಗಳಿಗೆ ಟೇಪು ಅಂಟಿಸುತ್ತಿದ್ದಳು. ನಿಜ ಹೇಳಿಬಿಡಲೆಂದೇ ಅವನು ಬಂದಿದ್ದ. ಮಾತಿನ ಬದಲು ಅಂಗೈ ಬಾಯಿಗೆ ಹಿಡಿದ. ಟಿಕ್, ಟಿಕ್, ಟ್ರರ್ರ್.

"ಓ, ಬಂತಲ್ಲ ನಿಮ್ಮ ಕಪ್ಪೆ!" ಎಂದು ಗಾಜಿನ ಬೀಕರು ತೊಳೆಯುತ್ತಿದ್ದ ಅಟೆಂಡರಣ್ಣ ನಕ್ಕ. ಅವಳು ನಗಲಿಲ್ಲ. ಅಂಟಿಸಿದ ಮೂಲೆಗಳನ್ನು ಒಂದೊಂದಾಗಿ ಕಿತ್ತಳು.

"ಮೇಡಂಗೆ ನೀನೇ ಹೇಳ್ತೀಯ."

"ಹೇಳ್ತೀನಿ."

"ಅವ್ರ ಕಿವಿ ಚೆನ್ನಾಗಿದೆ ಅಂತಾನೂ ಹೇಳು."

ಪುಸ್ತಕ ಬಿಚ್ಚಿ ಪೆನ್ನು ಕೊಟ್ಟಳು. ತಪ್ಪು ಬರೆದದ್ದನ್ನು ಅಳಿಸುವಂತಿಲ್ಲ. ಒಂದೇ ಗೀಟು ಎಳೆದು, ಪಕ್ಕದಲ್ಲಿ ಕಾರಣ ಬರೆದು, ಸಹಿ ಹಾಕಬೇಕು. ಅದು ಲ್ಯಾಬಿನ ಕಟ್ಟಳೆ. ಅವನು ಗೀಟೆಳೆದು ಬರೆದ: 'ಕಪ್ಪೆಯಲ್ಲ. ನಾನು.'

ಅವಳು ಹಿಂದಿನ ಹಾಳೆಗಳನ್ನು ತಿರುವಿದಳು. "ಇಲ್ಲಿ ನೂರಾ ನಲ್ವತ್ತು ಕಪ್ಪೆ ಇವೆ. ಇದ್ರಲ್ಲಿ ನಿಂದೆಷ್ಟೋ?"

"ಒಂದೂ ಇಲ್ಲ ಕಣೇ. ನಿನ್ನಾಣೆ."

ನಿಜವನ್ನೇ ಹೇಳಿದ್ದ. ಆದರೆ ಅದು ನಿಜದಂತೆ ಅವನಿಗೇ ಕೇಳಿಸಲಿಲ್ಲ. ಅವಳು ಬೀರುವಿನಿಂದ ಹೊಸ ಪುಸ್ತಕ ತೆಗೆದು, ಮೊದಲ ಹಾಳೆಯಲ್ಲಿ 'ಜಾಗ ೧' ಎಂದು ಬರೆದಳು.

"ನಾಳಿದ್ದು ಸಂಜೆಯಿಂದ ಮತ್ತೆ ಎಣಿಸ್ತೀನಿ. ಗಡಿಯಾರ ಇಲ್ಲಿಟ್ಟು ಹೋಗು."

ಅವನು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ. ಸದ್ದಾಗದಂತೆ.