ಮೂರನೇ ಸಾಲಿನ ಮೊಳೆ

"ಇಲ್ಲೇ ನೋಡಿ, ಮೂರನೇ ಸಾಲಲ್ಲಿ. ತಪ್ಪಿದೆ," ಎಂದರು ಸಂಗೀತದ ಟೀಚರಮ್ಮ.

ಹಲ್ಲಕ್ಕ ಪೆಟ್ಟಿಗೆಯ ಹಿಡಿಯನ್ನು ಮತ್ತೊಮ್ಮೆ ತಿರುಗಿಸಿದಳು. ಹಾಡು ಎಂದಿನಂತೆಯೇ ಬಂತು. ಎಂದಿನಂತೆಯೇ ಬಂದ ಹಾಡಿನಲ್ಲಿ ತಪ್ಪು ಹುಡುಕುವುದು ಹೇಗೆ? ದಿನಾ ನೋಡುವ ಗಂಡನ ಮೂಗು ಸೊಟ್ಟಗಿದೆ ಎಂದು ಯಾರೋ ಹೊಸಬರು ಬಂದು ಹೇಳಿದ ಹಾಗಾಯಿತು ಅವಳಿಗೆ.

ಹಲ್ಲಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಅವಳ ಗಂಡನ ಮನೆಯವರ ಕೆಲಸ ಹಾಡುವ ಪೆಟ್ಟಿಗೆ ಮಾಡುವುದು. ಅಂಗೈಯಷ್ಟು ಮರದ ಪೆಟ್ಟಿಗೆ. ಒಳಗೆ ಉಕ್ಕಿನ ಪುಟ್ಟ ಬಾಚಣಿಗೆ, ಅದಕ್ಕೆ ಎದುರಾಗಿ ಹಿತ್ತಾಳೆಯ ಉರುಳೆ, ಉರುಳೆಯ ಮೈತುಂಬ ಮುಳ್ಳಿನಂಥ ಮೊಳೆಗಳು. ಹಿಡಿ ತಿರುಗಿಸಿದರೆ ಮೊಳೆ ಬಂದು ಬಾಚಣಿಗೆಯ ಹಲ್ಲನ್ನು ಮೀಟುತ್ತದೆ, ಸ್ವರ ಬರುತ್ತದೆ. ಮದುವೆಯಾಗಿ ಬಂದಾಗಿನಿಂದ ಆ ಹಲ್ಲುಗಳನ್ನು ಅರದಿಂದ ಉಜ್ಜುತ್ತ, ಮೊಳೆ ಕೂರಿಸುತ್ತ ಕೂತವಳನ್ನು ಜನ ಇನ್ನೇನೆಂದು ಕರೆದಾರು?

ಅವರ ಪೆಟ್ಟಿಗೆಗಳು ಹಾಡುವುದು ಒಂದೇ ಹಾಡು, 'ಮೋಡದ ಮರಿಯೇ ಮನೆಗೆ ಬಾ'. ಆ ಹಾಡು ಗೊತ್ತಿಲ್ಲದವರು ದೇಶದಲ್ಲೇ ಇಲ್ಲ. ತೊಟ್ಟಿಲಲ್ಲಿ ಮಲಗಿ ಕೇಳಿದವರು ಮುಂದೆ ತೊಟ್ಟಿಲು ತೂಗುತ್ತ ಹಾಡುತ್ತಾರೆ. ಆಸ್ಪತ್ರೆಯ ಲಿಫ್ಟಿನಲ್ಲಿ ಅದೇ, ಹಿಂದಕ್ಕೆ ಬರುವ ಲಾರಿಯಲ್ಲಿ ಅದೇ. ಆಟದಲ್ಲಿ ಎದುರು ತಂಡ ಸೋಲತೊಡಗಿದರೆ ಸ್ಟೇಡಿಯಂ ತುಂಬ ಕೂತವರು, 'ಹೋಗಿ ಮಲಗಿ' ಎಂದು ಹಂಗಿಸುವುದಕ್ಕೆ ಎಳೆದೆಳೆದು ಹಾಡುವುದೂ ಅದನ್ನೇ. ಆದರೆ ಲಿಫ್ಟು, ಲಾರಿ, ಸ್ಟೇಡಿಯಂ ಎಲ್ಲವೂ ಮೊದಲೆರಡು ಸಾಲಿಗೇ ನಿಲ್ಲಿಸಿಬಿಡುತ್ತವೆ. ಮೂರನೆಯ ಸಾಲು ಮನೆಯೊಳಗಿನದು: 'ಹಾಸಿಗೆ ಹಾಸಿದೆ'.

"ಆ ಕೊನೇ 'ದೆ' ಇದೆಯಲ್ಲ, ಅದು ಕೆಳಗಿಳೀಬೇಕು. ನಿಮ್ಮ ಪೆಟ್ಟಿಗೇಲಿ ಮೇಲೆ ಹೋಗ್ತಿದೆ," ಎಂದು ಟೀಚರಮ್ಮ ಮೆಲ್ಲಗೆ ಹಾಡಿ ತೋರಿಸಿದರು. "ಊರಿನ ಶಿಶುಶಾಲೆಗಳಿಗೆಲ್ಲ ನಿಮ್ಮದೇ ಪೆಟ್ಟಿಗೆ ತಗೋಬೇಕು ಅಂತ ಹಟ ಹಿಡಿದವಳೇ ನಾನು. ತಪ್ಪು ಹಾಡು ಕಲಿಸೋಕಾಗಲ್ಲ ನೋಡಿ. ಗುರುವಾರ ಬರ್ತೀನಿ." ಬಾಗಿಲವರೆಗೆ ಹೋದವರು ಹಿಂದಿರುಗಿದರು. "ಹಿರಿಯರ ಎದುರಿಗೆ ಹೇಳಬಾರದು ಅಂತಾನೇ, ಅವರು ಕ್ಷೌರಕ್ಕೆ ಹೊರಡೋ ತನಕ ಆಚೆ ಬೆಂಚಲ್ಲಿ ಕೂತಿದ್ದೆ. ನೀವೇ ನಿಧಾನಕ್ಕೆ ಹೇಳಿ."

ಬಿಸಿಲಲ್ಲಿ ಕೂತು ಅವರ ಮುಖ ಕೆಂಪಾಗಿದ್ದುದನ್ನು ಹಲ್ಲಕ್ಕ ಆಗ ನೋಡಿದಳು. ಬೈಯುವಂಥ ಹೆಂಗಸಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಹೇಳಬೇಕಾದದ್ದು ಮಾವನಿಗೆ. ಮೊದಲ ಉರುಳೆ ಮಾಡಿದ್ದು ಅವರು. ತಮ್ಮ ಮೊದಲ ಮಗು ತೊಟ್ಟಿಲಲ್ಲಿದ್ದಾಗ ತೊಟ್ಟಿಲ ಪಕ್ಕದಲ್ಲೇ ಕೂತು ಮೊಳೆ ಕೂರಿಸಿದ ಆ ಉರುಳೆಯನ್ನು ನೋಡಿಯೇ ಉಳಿದವೆಲ್ಲ ಆಗಿರುವುದು. ಈಗ ಕೈ ನಡುಗುತ್ತದೆ, ಮೊಳೆ ಹಿಡಿಯಲಾಗದು. ಆದರೂ ದಿನಾ ಬೆಳಿಗ್ಗೆ ಏಪ್ರನ್ ಕಟ್ಟಿ ಅಂಗಡಿಯ ಕುರ್ಚಿಯಲ್ಲಿ ಕೂರುತ್ತಾರೆ; ಸಿದ್ಧವಾದ ಒಂದೊಂದು ಪೆಟ್ಟಿಗೆಯನ್ನೂ ಕಿವಿಗಿಟ್ಟು ಕೇಳುತ್ತಾರೆ. ಸರಿಯಿದ್ದರೆ "ಮಲಗ್ತು" ಎಂದು ಮಗುಚಿ ಇಡುವುದು, ಇಲ್ಲವಾದರೆ "ಇನ್ನೂ ಅಳ್ತಿದೆ" ಎಂದು ಸೊಸೆಯ ಕಡೆ ಸರಿಸುವುದು. ಕಣ್ಣು ಕೈಕೊಟ್ಟಾಗಲೂ, "ಕಿವಿ ಇದೆಯಲ್ಲಮ್ಮ" ಎಂದು ಬಂದು ಕೂತವರು. ಆ ಕಿವಿಯೇ ಮೊದಲಿನಿಂದ ತಪ್ಪು ಎಂದುಬಿಟ್ಟರೆ, ನಾಳೆಯಿಂದ ಆ ಮನುಷ್ಯ ಯಾತಕ್ಕೆಂದು ಹಾಸಿಗೆ ಬಿಟ್ಟು ಏಳಬೇಕು?

ಹೇಳುವ ಮೊದಲು ತಪ್ಪು ಹೌದೋ ಅಲ್ಲವೋ ನೋಡೋಣ ಎಂದುಕೊಂಡಳು. ಒಲೆಯ ಮುಂದೆ ನಿಂತು ಹಾಡಿಕೊಂಡಳು: ಮೇಲೆ ಹೋಯಿತು. ಪಾತ್ರೆ ತೊಳೆಯುತ್ತ ಹಾಡಿಕೊಂಡಳು: ಕೆಳಗಿಳಿಯಿತು. ಎರಡೂ ಸರಿಯೆನಿಸಿತು. ಮೂರನೆಯ ಸಲ ಹಾಡಲು ಹೋದರೆ 'ಹಾಸಿಗೆ' ಎಂಬಲ್ಲಿಗೇ ಗಂಟಲು ನಿಂತುಬಿಟ್ಟಿತು. ನಡೆಯುವಾಗ ಯಾವ ಕಾಲು ಮೊದಲು ಇಡುತ್ತೀಯ ಎಂದು ಕೇಳಿಸಿಕೊಂಡವನು ಮೆಟ್ಟಿಲಲ್ಲೇ ಮುಗ್ಗರಿಸಿದ ಹಾಗೆ. ತನ್ನ ಇಬ್ಬರು ಮಕ್ಕಳಿಗೂ ಹಾಡಿ ಮಲಗಿಸಿದವಳು ಇವಳೇ. ಹೇಗೆ ಹಾಡಿದ್ದೆನೆಂದು ಈಗ ನೆನಪಾಗದು.

ಪೆಟ್ಟಿಗೆಗೆ ಮರ ಕೊರೆಯುವ ಗಂಡನನ್ನು ಕೇಳಿದಳು. "ಇದೊಂದು ಕೇಳೋ ವಿಷಯಾನಾ? ಮೇಲೆ!" ಎಂದು ಹಾಡಿದ, ಕೆಳಗಿಳಿದ. "ಇರು, ಇರು. ಈಗ ಧೂಳು ಬಿತ್ತು ಬಾಯಿಗೆ." ಆಮೇಲೆ ಫೋನಿನಲ್ಲಿ ಹುಡುಕಿದ. ಒಬ್ಬ ಗಾಯಕಿ ಮೇಲೆ ಹೋದಳು, ಇನ್ನೊಬ್ಬಳು ಕೆಳಗೆ. ಮೂರನೆಯವನು ಆ ಒಂದಕ್ಷರಕ್ಕೆ ಎಷ್ಟು ಸುತ್ತು ಹಾಕಿದನೆಂದರೆ, ಎಲ್ಲಿ ಹೋಗಿ ಇಳಿದನೆಂದು ಅವನಿಗೂ ತಿಳಿದಿರಲಿಕ್ಕಿಲ್ಲ.

ಬೆಳಿಗ್ಗೆ ಬೇಕರಿಗೆ ಹೋದಾಗ ಬೇಕರಿಯಾಕೆಯನ್ನು ಕೇಳಿದಳು.

"ನಾನು ಹಾಡೋದಾ? ಹಿಟ್ಟು ಉಬ್ಬೋ ಹೊತ್ತು ಕಣೇ ಇದು. ನಾನು ಹಾಡಿದ್ರೆ ಅದೂ ಮಲಗಿಬಿಡತ್ತೆ." ಆದರೂ ಹಾಡಿದಳು. ಕೆಳಗೆ ಇಳಿದಳು.

"ಏನಮ್ಮಾ ಅದು, ಹಳ್ಳಕ್ಕೆ ಬಿದ್ದ ಹಾಗೆ?" ಎಂದ ಸಾಲಿನಲ್ಲಿದ್ದ ಪೋಸ್ಟ್‌ಮ್ಯಾನ್. "ಮೇಲೆ ಹೋಗ್ಬೇಕು ಅದು."

"ಹೋಗಯ್ಯಾ. ಕಾಗದಾನೇ ಸರಿಯಾದ ಮನೆಗೆ ಹಾಕಲ್ಲ ನೀನು, ಸ್ವರ ಹಾಕೋಕೆ ಬಂದುಬಿಟ್ಟ!"

"ಹಲ್ಲಕ್ಕನ್ನೇ ಕೇಳಿ ಬೇಕಾದ್ರೆ. ನಮ್ಮನೇಲಿದ್ದದ್ದು ಇವರಂಗಡಿ ಪೆಟ್ಟಿಗೇನೇ. ಅದು ಹೇಳಿಕೊಟ್ಟಿದ್ದೇ ನಾನು ಹಾಡೋದು."

ಹಲ್ಲಕ್ಕ ಪೋಸ್ಟ್‌ಮ್ಯಾನ್ ಕಡೆ ತಿರುಗಿದಳು. ಅಂದರೆ ಮೇಲೆ ಹೋಗುವವರೆಲ್ಲ ತಮ್ಮ ಪೆಟ್ಟಿಗೆಯ ಮಕ್ಕಳೋ? ಹಾಗಿದ್ದರೆ ಅರ್ಧ ಊರಿಗೆ ತಪ್ಪು ಹಾಡು ಕಲಿಸಿದ್ದು ತಮ್ಮ ಮನೆಯೇ? ಅರ್ಧ ಊರು ಹಾಡಿದ ಮೇಲೆ ಅದು ಇನ್ನೂ ತಪ್ಪೇ? ಅಷ್ಟರಲ್ಲಿ ಸಾಲಿನಲ್ಲಿದ್ದವರು ಎರಡು ಪಕ್ಷವಾಗಿದ್ದರು. ಮೇಲಿನ ಪಕ್ಷದ ಹೆಂಗಸೊಬ್ಬಳು ಖಡಾಖಂಡಿತವಾಗಿ ಹಾಡತೊಡಗಿ, ಕೆಳಗಿಳಿದು, ತಾನೇ ನಕ್ಕು, ಆ ನಗುವಿನಲ್ಲಿ ಬ್ರೆಡ್ಡು ಮರೆತು ಹೊರಟುಹೋದಳು. ಬೇಕರಿಯಾಕೆ ಹಿಟ್ಟಿನ ಕೈಯಲ್ಲೇ ಬೀದಿಯ ತಿರುವಿನವರೆಗೆ ಓಡಿ ಕೊಟ್ಟು ಬಂದಳು.

ಹಲ್ಲಕ್ಕ ಮರಳಿ ಬರುವಷ್ಟರಲ್ಲಿ ಮಾವ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು.

"ಮಾವ, 'ಮೋಡದ ಮರಿ' ಒಂಚೂರು ಹಾಡ್ತೀರಾ?"

"ಯಾಕೆ ಮಗೂ, ನಿದ್ದೆ ಬರ್ತಿಲ್ವಾ?" ಎಂದು ನಕ್ಕು, ಕನ್ನಡಕ ಒರೆಸುತ್ತಲೇ ಹಾಡಿದರು. 'ಹಾಸಿಗೆ ಹಾಸಿದೆ' ಎಂಬಲ್ಲಿ ಅವರ ಸ್ವರ ನುಣ್ಣಗೆ ಕೆಳಗಿಳಿಯಿತು.

ಹಲ್ಲಕ್ಕನ ಕೈಯಲ್ಲಿದ್ದ ಬ್ರೆಡ್ಡು ಜಾರಿತು. "ಪೆಟ್ಟಿಗೇಲೂ ಹಾಗೇನಾ ಮಾವ?"

"ಮತ್ತಿನ್ನು ಹೇಗೆ?"

ಹಲ್ಲಕ್ಕ ಬಗ್ಗಿ ಬ್ರೆಡ್ಡು ಎತ್ತಿಕೊಂಡಳು. ಒಂದು ಹಲ್ಲಿಗೆ ಕೂದಲಿನಷ್ಟು ಕೊಳೆ ಕೂತರೂ ಹಿಡಿಯುವ ಕಿವಿ ಅದು. ಇಷ್ಟು ವರ್ಷ ಬಾಯಲ್ಲಿ ಒಂದು ಹಾಡಿಕೊಂಡು ಪೆಟ್ಟಿಗೆಯಲ್ಲಿ ಇನ್ನೊಂದನ್ನು ಮಲಗಿಸುತ್ತ ಬಂದಿದೆಯೇ? ಆದರೆ ಜೊತೆಗೊಂದು ಧೈರ್ಯವೂ ಬಂತು. ಮಾವ ಹಾಡುವುದೇ ಕೆಳಗೆ ಎಂದ ಮೇಲೆ, ಕೆಳಗೆ ಬದಲಿಸಿದರೆ ಅವರಿಗೆ ಗೊತ್ತೇ ಆಗಲಿಕ್ಕಿಲ್ಲ. ಹೇಳುವುದೂ ಬೇಡ, ನೋಯಿಸುವುದೂ ಬೇಡ. ಅಂದೇ ಹೊಸ ಉರುಳೆಯೊಂದಕ್ಕೆ ಕೆಳಗಿನ ಸ್ವರದ ಮೊಳೆ ಕೂರಿಸಿ, ಏನೂ ಅರಿಯದವಳಂತೆ ಉಳಿದ ಪೆಟ್ಟಿಗೆಗಳ ನಡುವೆ ಇಟ್ಟಳು.

ಮಾವ ಅದನ್ನು ಕಿವಿಗಿಟ್ಟರು. ಇನ್ನೊಮ್ಮೆ ತಿರುಗಿಸಿದರು. "ಇದು ಅಳ್ತಾ ಇದೆ. ಇದು ನಮ್ಮದಲ್ಲ."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. ಟೀಚರಮ್ಮ ಬಂದದ್ದು, ಅವರು ಹೇಳಿದ್ದು, ತಾನು ಮಾಡಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. "ನೀವೂ ಬೆಳಿಗ್ಗೆ ಕೆಳಗೇ ಹಾಡಿದ್ರಿ ಮಾವ."

"ನಾನಾ? ಕೆಳಗಾ?"

ಅವರು ಹಳೆಯ ಪೆಟ್ಟಿಗೆಯ ಹಿಡಿ ತಿರುಗಿಸುತ್ತ ಜೊತೆಯಲ್ಲೇ ಹಾಡಿದರು. ಮೂರನೆಯ ಸಾಲಿನ ಕೊನೆಗೆ ಪೆಟ್ಟಿಗೆ ಒಂದು ದಾರಿ ಹಿಡಿಯಿತು, ಮಾವ ಇನ್ನೊಂದು. ಅವರು ಅಲ್ಲೇ ನಿಂತರು. ಸಂತೆಯಲ್ಲಿ ಕೈಹಿಡಿದು ನಡೆಯುತ್ತಿದ್ದವರು ತಿರುಗಿ ನೋಡಿದರೆ ಪಕ್ಕದಲ್ಲಿ ಬೇರೆ ಯಾರೋ ಇದ್ದ ಹಾಗೆ ಆ ಪೆಟ್ಟಿಗೆಯನ್ನೇ ನೋಡಿದರು.

"ಹಾಗಾದ್ರೆ ಕಿವೀನೂ ಹೋಯ್ತು," ಎಂದರು ಕೊನೆಗೆ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು, ಒಳಗೆ ಹೋದರು. ಸಿಟ್ಟು ಮಾಡಿ ಎಸೆದಿದ್ದರೆ ಸಂಜೆಗೆ ಮತ್ತೆ ಕಟ್ಟಿಕೊಂಡಾರು ಎನ್ನಬಹುದಿತ್ತು. ಮಡಿಸಿಟ್ಟ ಏಪ್ರನ್ನನ್ನು ಹಲ್ಲಕ್ಕ ಇದ್ದಲ್ಲೇ ಬಿಟ್ಟಳು.

ಗುರುವಾರ ಬೆಳಿಗ್ಗೆ ಕುರ್ಚಿ ಖಾಲಿ. ಗಂಡ ಎರಡು ಸಲ ಕರೆದು ಬಂದ. "ಅಪ್ಪ ಕಿಟಕಿ ಹತ್ರ ಕೂತಿದಾರೆ. ಹಾಲು ಆರಿಹೋಗಿದೆ. ನಿನ್ನ ಟೀಚರಮ್ಮಂಗೆ ಏನು ಬೇಕೋ ಅದು ಮಾಡಿಕೊಟ್ಟು ಮುಗಿಸು ಮಾರಾಯ್ತಿ."

ಮಾವನಿಗೂ ಟೀಚರಮ್ಮನಿಗೂ ಹಂಚಿಹೋದ ಮನಸ್ಸಿನಿಂದ ಹಲ್ಲಕ್ಕ ಚಿಮಟ ಹಿಡಿದಳು. ತಿದ್ದುವುದಾದರೆ, ಟೀಚರಮ್ಮ ಬರುವ ಮೊದಲು ಮಾವನ ಆ ಮೊದಲ ಉರುಳೆಯನ್ನೇ ತಿದ್ದಬೇಕು. ಎಲ್ಲ ಪೆಟ್ಟಿಗೆಗಳ ತಾಯಿ ಅದು. ಮೇಲಿನ ಸ್ವರದ ಮೊಳೆ ಕೀಳಬೇಕು, ಕೆಳಗಿನದನ್ನು ಕೂರಿಸಬೇಕು. ಎರಡಕ್ಕೂ ನಡುವೆ ಇರುವುದು ಒಂದೇ ಹಲ್ಲಿನ ಜಾಗ. ಕೀಳುವುದಕ್ಕೆ ಕೈ ಏಳದೆ, ಮೊದಲು ಹೊಸದನ್ನು ಕೂರಿಸಿದಳು. ಕೂರಿಸುವಾಗ ಕಣ್ಣು ಮಂಜಾಯಿತು, ಸೆರಗಿನಿಂದ ಒರೆಸಿಕೊಂಡಳು. ಒರೆಸಿಕೊಂಡು, ಮಾಡಬೇಕಾದ್ದೆಲ್ಲ ಮಾಡಿಯಾಯಿತು ಎಂಬ ಭ್ರಮೆಯಲ್ಲಿ ಉರುಳೆಯನ್ನು ಪೆಟ್ಟಿಗೆಯೊಳಗೆ ಇಳಿಸಿ ಹಿಡಿ ತಿರುಗಿಸಿದಳು. ಹಳೆಯ ಮೊಳೆ ಇದ್ದಲ್ಲೇ ಇತ್ತು.

ಮೂರನೆಯ ಸಾಲಿನ ಕೊನೆಗೆ ಎರಡು ಸ್ವರ ಒಟ್ಟಿಗೆ ಮೀಟಿದವು.

ಇದೇನಾಯಿತೆಂದು ಅವಳು ಬೆಪ್ಪಾಗಿ ಕೂತಿರುವಾಗಲೇ ಒಳಗಿನ ಬಾಗಿಲು ತೆರೆಯಿತು. ಮಾವ, ಒಂದೇ ಕಾಲಿಗೆ ಚಪ್ಪಲಿ.

"ಅದರ ಜೊತೆ ಹಾಡಿದ್ದು ಯಾರು?"

"ಯಾರೂ ಇಲ್ಲ ಮಾವ. ಹಳೇ ಮೊಳೆ ಕೀಳೋದು ಮರೆತೆ."

"ಇನ್ನೊಂದ್ಸಲ ತಿರುಗಿಸು."

ತಿರುಗಿಸಿದಳು. ಮಾವ ಮೇಜು ಹಿಡಿದುಕೊಂಡು ನಿಂತರು. "ಹೀಗೇ ಇತ್ತು ಕಣಮ್ಮ. ತೊಟ್ಟಿಲ ಆ ಕಡೆ ನಿಮ್ಮತ್ತೆ, ಈ ಕಡೆ ನಾನು. ಒಟ್ಟಿಗೇ ಹಾಡ್ತಿದ್ವಿ." ತಮ್ಮ ಕುರ್ಚಿಯಲ್ಲಿ ಕೂತರು. "ನಾನು ಕೆಳಗೆ ಅಂದ್ರೆ ಅವಳು ಮೇಲೆ ಇರಬೇಕಲ್ವಾ? ಅಥವಾ ಅವಳು ಹೋದಮೇಲೆ ನಾನು ಅವಳದನ್ನ ಹಾಡೋಕೆ ಶುರು ಮಾಡಿದ್ನೋ? ಏನೋ ಮಗೂ. ತಲೆ ಕಲಸಿದ ಹಾಗಾಗ್ತಿದೆ."

ಅಷ್ಟು ಹೊತ್ತಿಗೆ ಟೀಚರಮ್ಮ ಬಂದರು. ಮಾವ ಕೂತಿರುವುದನ್ನು ಕಂಡು ಹೊಸ್ತಿಲಲ್ಲೇ ತಡವರಿಸಿದರು. ಹಲ್ಲಕ್ಕ ಹಿಡಿ ತಿರುಗಿಸಿದಳು. ಟೀಚರಮ್ಮ ತಮ್ಮಷ್ಟಕ್ಕೆ ತುಟಿಯಲ್ಲೇ ಹಾಡಿಕೊಂಡು ಮುಗುಳ್ನಕ್ಕರು. "ಸರಿ ಮಾಡಿದ್ರಿ! ಕೆಳಗಿಳೀತಲ್ಲ."

"ಎಲ್ಲಿ ಇಳೀತು? ಮೇಲೇ ಇದೆ," ಎಂದ ಒಳಗಿನಿಂದ ಗಂಡ.

ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಮಾವ ಸುಮ್ಮನಿರಲಿಲ್ಲ. "ಎರಡೂ ಇದೆ ತಾಯಿ. ಎರಡು ಮೊಳೆ. ನಮ್ಮ ಸೊಸೆ ಹಾಕಿದ್ದು."

"ಎರಡೂನಾ?" ಟೀಚರಮ್ಮ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ಹಲವು ಸಲ ತಿರುಗಿಸಿದರು. "ಆದ್ರೆ ಸರಿಯಾದದ್ದು ಯಾವುದು?"

"ನಿಮ್ಮನ್ನ ಕೇಳಿ ತಿಳ್ಕೊಳ್ಳೋಣ ಅಂತಿದ್ದೆ," ಎಂದರು ಮಾವ.

ಟೀಚರಮ್ಮ ಹಾಡಿ ತೋರಿಸಲು ಬಾಯಿ ತೆರೆದರು. 'ಹಾಸಿಗೆ' ಎಂಬಲ್ಲಿ ನಿಂತರು. ಮತ್ತೆ ಮೊದಲಿನಿಂದ ಶುರು ಮಾಡಿದರು, ಮತ್ತೆ ಅಲ್ಲಿಗೇ ನಿಂತರು. ಮುಖ ಕೆಂಪಾಯಿತು. ಹಲ್ಲಕ್ಕ ತಟ್ಟನೆ ಎದ್ದು ನೀರು ತಂದುಕೊಟ್ಟಳು. ಗಂಟಲು ಒಣಗಿದೆ ಎಂದುಕೊಳ್ಳಲು ಅವರಿಗೊಂದು ನೆಪ ಬೇಕಿತ್ತು. ಟೀಚರಮ್ಮ ಲೋಟ ಖಾಲಿ ಮಾಡಿ, "ಹೀಗೇ ಇರ್ಲಿ. ಎಲ್ಲಾ ಪೆಟ್ಟಿಗೇನೂ ಹೀಗೇ ಮಾಡಿ," ಎಂದು ಹೇಳಿ, ಕೊಡೆಯನ್ನು ಒಮ್ಮೆ ಆ ಕೈಗೆ ಒಮ್ಮೆ ಈ ಕೈಗೆ ಬದಲಿಸುತ್ತ ಹೊರಟರು.

ಮಾವ ಏಪ್ರನ್ನಿನ ಮಡಿಕೆ ಬಿಡಿಸಿದರು. "ಹಿಂದೆ ಗಂಟು ಹಾಕು," ಎಂದರು. ಹಲ್ಲಕ್ಕ ಹಾಕಿದಳು.

"ಈ ಹೊಸದಕ್ಕೆ ನನ್ನ ಕಿವಿ ಇನ್ನೂ ಪಳಗಬೇಕು ಮಗೂ. ಎಲ್ಲಿ, ಒಂದೊಂದೇ ಕೇಳಿಸು. ಮೊದಲು ಹಳೇ ಮೊಳೆ, ಆಮೇಲೆ ನಿಂದು."

ಹಲ್ಲಕ್ಕ ಉರುಳೆಯನ್ನು ಬೆಳಕಿಗೆ ಹಿಡಿದಳು. ಎರಡು ಮೊಳೆಗಳೂ ಒಂದೇ ಎತ್ತರ, ಒಂದೇ ಹೊಳಪು. ಅಳುತ್ತ ಕೂರಿಸಿದ್ದು ಎಡಗಡೆಯದೋ, ಬಲಗಡೆಯದೋ? ಬಾಚಣಿಗೆಯ ಹಲ್ಲನ್ನು ಉಗುರಿನಿಂದ ಒಂದೊಂದಾಗಿ ಮೀಟಿ, ಮೇಲಿನದು ಯಾವುದು, ಕೆಳಗಿನದು ಯಾವುದು ಎಂದೇನೋ ತಿಳಿದಳು. ಆದರೆ ಮಾವನ ಪೆಟ್ಟಿಗೆ ಮೊದಲಿನಿಂದ ಹಾಡುತ್ತಿದ್ದದ್ದು ಯಾವುದು ಎಂದು ಯೋಚಿಸಹೊರಟರೆ, ಇಷ್ಟು ದಿನ ಕೇಳಿದ್ದೆಲ್ಲ ಕಲಸಿಹೋಗಿ, ತಲೆಯೊಳಗೆ ಎರಡೂ ಒಟ್ಟಿಗೇ ಹಾಡಿದವು.

"ತಿಳೀತಿಲ್ಲ ಮಾವ," ಎಂದಳು.

"ನನಗೂ," ಎಂದು ಮಾವ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. "ಇರ್ಲಿ, ಮುಂದಿನ ಉರುಳೆ ತಗೋ."